ಹಳೇ ಕಾರಿನ ವೈರಿಂಗ್, ಭಾಗ 4: 'ಟಿಕ್' ಅಂದ ಮಾತ್ರಕ್ಕೆ ರಿಲೇ ಸರಿ ಇದೆ ಅಂತಲ್ಲ

ಸ್ಟಾರ್ಟರ್ ಚೆನ್ನಾಗೇ ತಿರುಗುತ್ತೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ. ಬಾನೆಟ್ ತೆಗೆದು ಅರ್ಧ ಗಂಟೆ ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್! 🙃

1980ರ ದಶಕದ ಪೋರ್ಷೆ 944 ಇಟ್ಕೊಂಡವರಿಗೆ ಈ ಕಥೆ ಹೊಸದಲ್ಲ. ಯಾರನ್ನೇ ಕೇಳಿ, ಒಂದೇ ಉತ್ತರ: "ಡಿಎಂಇ ರಿಲೇ ಬದಲಾಯಿಸಿ." ಎಷ್ಟೋ ಸಲ ಆ ಉತ್ತರ ಸರಿಯೂ ಹೌದು. ಆದ್ರೂ ನನ್ನ ತಕರಾರು ಅದರ ಮೇಲೇ. ಪರೀಕ್ಷೆ ಮಾಡದೆ ಪಾರ್ಟ್ ಬದಲಾಯಿಸೋದು ರಿಪೇರಿ ಅಲ್ಲ, ಲಾಟರಿ.

ಮೊದಲು ಆ ಡಬ್ಬಿಯೊಳಗೆ ಏನಿದೆ ನೋಡೋಣ. ಹೆಸರಿಗೆ ಒಂದು, ಒಳಗೆ ಎರಡು ರಿಲೇ. ಕೀ ತಿರುಗಿಸಿದಾಗ ಮೊದಲನೆಯದು ಎಂಜಿನ್ ಕಂಪ್ಯೂಟರ್‌ಗೆ ಕರೆಂಟ್ ಕೊಡುತ್ತೆ. ಎಂಜಿನ್ ತಿರುಗ್ತಿದೆ ಅಂತ ಕಂಪ್ಯೂಟರ್‌ಗೆ ಖಾತ್ರಿ ಆದ ಮೇಲೇ ಎರಡನೆಯದು ಪೆಟ್ರೋಲ್ ಪಂಪ್ ಆನ್ ಮಾಡುತ್ತೆ. ಇಷ್ಟು ವರ್ಷದ ಬಿಸಿ ಮತ್ತು ಕಂಪನಕ್ಕೆ ಒಳಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತೆ. ಬಿಸಿಯಾದಾಗ ಸಂಪರ್ಕ ತಪ್ಪುತ್ತೆ, ತಣ್ಣಗಾದಾಗ ಮತ್ತೆ ಕೂಡುತ್ತೆ. ಆ ಅರ್ಧ ಗಂಟೆಯ ಗುಟ್ಟು ಇಷ್ಟೇ.

ಆದ್ರೆ ಇದೇ ಲಕ್ಷಣವನ್ನ ಕ್ರ್ಯಾಂಕ್ ಸೆನ್ಸರ್ ಕೂಡ ತೋರಿಸಬಹುದು, ತುಕ್ಕು ಹಿಡಿದ ಅರ್ಥ್ ವೈರ್ ಕೂಡ. ನಾನೂ ಒಮ್ಮೆ ಒಂದು ಹಳೇ ಕಾರಿಗೆ ಎರಡು ಹೊಸ ರಿಲೇ ತರಿಸಿ ಹಾಕ್ದೆ. ಕೊನೆಗೆ ಕಳ್ಳ ಸಿಕ್ಕಿದ್ದು ಹಸಿರುಗಟ್ಟಿದ ಒಂದು ಅರ್ಥ್ ಬೋಲ್ಟ್‌ನಲ್ಲಿ. ಅದಕ್ಕೆ ಬೇಕಾಗಿದ್ದದ್ದು ಒಂದು ತುಂಡು ಉಪ್ಪುಕಾಗದ! 🤦🏽‍♂️

ಹಾಗಾದ್ರೆ ಪರೀಕ್ಷೆ ಹೇಗೆ? ಹಾರ್ನ್, ಹೆಡ್‌ಲೈಟ್, ಫ್ಯಾನ್‌ಗೆ ಇರೋ ಸಾಮಾನ್ಯ ನಾಲ್ಕು ಕಾಲಿನ ರಿಲೇ ತಗೊಳ್ಳಿ. ಜರ್ಮನ್ ಕಾರುಗಳಲ್ಲಿ ನಂಬರ್‌ಗಳೇ ಭಾಷೆ: 30 ಅಂದ್ರೆ ಬ್ಯಾಟರಿಯಿಂದ ಬರೋ ಕರೆಂಟ್, 87 ಅಂದ್ರೆ ಹೊರಗೆ ಹೋಗೋ ದಾರಿ, 85 ಮತ್ತು 86 ಕಾಯಿಲ್‌ನ ಎರಡು ತುದಿ.

🔸 ರಿಲೇ ಕಿತ್ತು, ಟೆಸ್ಟ್ ಲ್ಯಾಂಪನ್ನ ಸಾಕೆಟ್‌ನ 30ಕ್ಕೂ ಅರ್ಥ್‌ಗೂ ಹಿಡೀರಿ. ಹತ್ತಲಿಲ್ವಾ? ತಪ್ಪು ರಿಲೇದಲ್ಲ, ಫ್ಯೂಸ್ ಅಥವಾ ವೈರ್‌ದು.

🔸 ಲ್ಯಾಂಪನ್ನ 85 ಮತ್ತು 86ರ ಮಧ್ಯೆ ಇಟ್ಟು ಸ್ವಿಚ್ ಹಾಕಿ. ಹತ್ತಿದ್ರೆ ರಿಲೇಗೆ ಆದೇಶ ಬರ್ತಿದೆ. ಹತ್ತದಿದ್ರೆ ಸ್ವಿಚ್ ಕಡೆ ಹುಡುಕಿ.

🔸 ಫ್ಯೂಸ್ ಇರೋ ಒಂದು ತುಂಡು ವೈರ್‌ನಿಂದ 30 ಮತ್ತು 87 ಜೋಡಿಸಿ. ಫ್ಯಾನ್ ತಿರುಗಿತಾ? ಆ ಕಡೆ ವೈರಿಂಗ್ ಸರಿ. ಈಗ ರಿಲೇ ಮೇಲೆ ಅನುಮಾನ ಪಡೋಕೆ ನಿಮಗೆ ಹಕ್ಕಿದೆ.

🔸 ಕೊನೇದು, ಎಲ್ಲರೂ ಬಿಟ್ಟುಬಿಡೋದು. ರಿಲೇ ವಾಪಸ್ ಹಾಕಿ, ಲೋಡ್ ಓಡ್ತಿರುವಾಗ 30 ಮತ್ತು 87ರ ಮಧ್ಯೆ ವೋಲ್ಟೇಜ್ ಅಳೀರಿ. 0.1, 0.2 ವೋಲ್ಟ್ ಇದ್ರೆ ಚಿಂತೆ ಇಲ್ಲ. 1 ವೋಲ್ಟ್ ಇದ್ರೆ? 10 ಆಂಪಿಯರ್ ಹರಿಯುವಾಗ 10 ವ್ಯಾಟ್ ಶಾಖ ಆ ಪುಟ್ಟ ಡಬ್ಬಿಯೊಳಗೇ ಹುಟ್ತಿದೆ ಅಂತರ್ಥ. 'ಟಿಕ್' ಶಬ್ದ ಹೇಳೋದು ಕಾಯಿಲ್ ಎಳೀತಿದೆ ಅಂತ ಮಾತ್ರ. ಸಂಪರ್ಕದ ಬಿಂದು ಸುಟ್ಟು ಕರಿಯಾಗಿದ್ರೂ ಟಿಕ್ ಕೇಳುತ್ತೆ.

⚠️ ಎಂಜಿನ್ ಕಂಪ್ಯೂಟರ್‌ನ ವೈರ್‌ಗಳಿಗೆ, ಏರ್‌ಬ್ಯಾಗ್ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. ಡಿಎಂಇ ರಿಲೇ ಹತ್ರ ಮಲ್ಟಿಮೀಟರ್ ಸಾಕು.

ಈಗ ನಿಜವಾದ ಜಗಳಕ್ಕೆ ಬರ್ತೀನಿ. ಕೆಲವರು ಡಿಎಂಇ ಸಾಕೆಟ್‌ಗೆ ಜಂಪರ್ ವೈರ್ ಹಾಕಿ "ನೋಡಿ, ಓಡ್ತಿದೆ!" ಅಂತ ತಿಂಗಳುಗಟ್ಟಲೆ ಓಡಿಸ್ತಾರೆ. ಸ್ವಾಮಿ, ಎಂಜಿನ್ ನಿಂತ ತಕ್ಷಣ ಪಂಪ್ ನಿಲ್ಲಿಸೋದೇ ಆ ಎರಡನೇ ರಿಲೇ ಕೆಲಸ. ಅಪಘಾತ ಆಯ್ತು, ಪೆಟ್ರೋಲ್ ಪೈಪ್ ಹರೀತು, ಎಂಜಿನ್ ನಿಂತಿತು ಅಂದ್ಕೊಳ್ಳಿ. ರಿಲೇ ಇದ್ರೆ ಪಂಪ್ ನಿಲ್ಲುತ್ತೆ. ಜಂಪರ್ ಇದ್ರೆ ಕೀ ತೆಗೆದ್ರೂ ನಿಲ್ಲಲ್ಲ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರೀತಾನೇ ಇರುತ್ತೆ. ಆ ತುಂಡು ವೈರ್ ಪರೀಕ್ಷೆಗೆ ಮಾತ್ರ, ಪ್ರಯಾಣಕ್ಕಲ್ಲ.

ಗ್ಲೋವ್ ಬಾಕ್ಸ್‌ನಲ್ಲಿ ಒಂದು ಸ್ಪೇರ್ ರಿಲೇ ಇರಲಿ, ಬೇಡ ಅನ್ನಲ್ಲ. ಜೊತೆಗೆ ಒಂದು ಟೆಸ್ಟ್ ಲ್ಯಾಂಪೂ ಇರಲಿ. ಹೊಸ ರಿಲೇ ಕೂಡ ಸುಟ್ಟುಹೋದ್ರೆ ಮೂರನೆಯದು ತರಿಸಬೇಡಿ. ಬಿಗಿಯಾಗಿ ತಿರುಗೋ ಹಳೇ ಪಂಪ್ ಮಿತಿಮೀರಿ ಕರೆಂಟ್ ಎಳೀತಿರಬಹುದು. ರಿಲೇ ಅಲ್ಲಿ ಅಪರಾಧಿ ಅಲ್ಲ, ಏಟು ತಿಂದವನು.

ನೀವು ಸುಮ್ನೆ ಬದಲಾಯಿಸಿದ ಪಾರ್ಟ್ ಯಾವುದು? ಕಾಮೆಂಟಲ್ಲಿ ಒಪ್ಕೊಳ್ಳಿ, ನಾನಂತೂ ಒಪ್ಕೊಂಡಿದ್ದೀನಿ 😄 ಭಾಗ 5ರಲ್ಲಿ ಅರ್ಥ್ ಪಾಯಿಂಟ್‌ಗಳ ಪುರಾಣ.

#ಹಳೇಕಾರು #ರಿಲೇ #ಪೋರ್ಷೆ944 #ಕನ್ನಡದಲ್ಲಿಕಾರು