ಆರು ಸಾವಿರ ಪಂಚಾಯಿತಿಗಳಿಗೂ ಸ್ವಂತ ಐಪಿ ವಿಳಾಸ ಕೊಡಿ: ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಪ್ರಿಯಾಂಕ್ ಖರ್ಗೆ ಅವರಿಗೆ,

ಪಶ್ಚಿಮ ಲಂಡನ್ನಿನ ಪಾರ್ಕ್ ರಾಯಲ್‌ನಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ಸಾಗರದ ಕಡೆಯವನು. ಇಲ್ಲಿನ ಡೇಟಾ ಸೆಂಟರ್‌ಗಳಲ್ಲಿ ನನಗೆ ನೆಟ್‌ವರ್ಕ್ ಕೆಲಸ. 1936ರಿಂದ 2005ರವರೆಗೆ ಗಿನ್ನೆಸ್ ಬಿಯರ್ ತಯಾರಾಗುತ್ತಿದ್ದ ಈ ಕೈಗಾರಿಕಾ ಪ್ರದೇಶದಲ್ಲಿ ಇವತ್ತು ಬ್ರೆಡ್ಡು, ಕುರುಕಲು ತಿಂಡಿ ಮಾಡುವ ಶೆಡ್ಡುಗಳ ಪಕ್ಕದಲ್ಲೇ ಸರ್ವರ್ ತುಂಬಿದ ಕಟ್ಟಡಗಳೂ ಎದ್ದು ನಿಂತಿವೆ. ಈಕ್ವಿನಿಕ್ಸ್ ಕಂಪನಿಯ ಎಲ್‌ಡಿ3 ಇರುವುದು ಇಲ್ಲೇ.

ನಿಮಗೇ ಬರೆಯುವುದಕ್ಕೆ ಕಾರಣವಿದೆ. 2023ರಲ್ಲಿ ಐಟಿ-ಬಿಟಿ ಖಾತೆಯೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯೂ ನಿಮ್ಮ ಕೈಗೆ ಬಂದವು. ನಾನು ಕೇಳುತ್ತಿರುವುದು ಆ ಎರಡೂ ಖಾತೆಗೆ ಸೇರಿದ ಕೆಲಸ. ಪಂಚಾಯಿತಿ ಗ್ರಂಥಾಲಯ, ಸಣ್ಣ ಪ್ರಕಾಶನ, ಯಕ್ಷಗಾನ ಮೇಳ, ಸಹಕಾರ ಸಂಘ, ಕಲಿಯುವ ಹಂಬಲವಿರುವ ಒಬ್ಬ ವಿದ್ಯಾರ್ಥಿನಿ, ಇಂಥವರೆಲ್ಲರಿಗೂ ಇಂಟರ್‌ನೆಟ್‌ನಲ್ಲಿ ತಮ್ಮ ಹೆಸರಿಗೇ ಐಪಿ ವಿಳಾಸ ಸಿಗುವಂತೆ ಕರ್ನಾಟಕ ಸರ್ಕಾರ ಪ್ರಾಯೋಜಕನಾಗಿ ನಿಲ್ಲಬೇಕು.

ಈಗಿನ ಪರಿಸ್ಥಿತಿ ಏನೆಂದು ತಿಳಿಯಲು ಯಾವುದಾದರೂ ಹಳ್ಳಿಯ ಬ್ರಾಡ್‌ಬ್ಯಾಂಡ್ ರೌಟರ್‌ನ ಸೆಟ್ಟಿಂಗ್ಸ್ ತೆರೆದು ನೋಡಬೇಕು. ಹೊರಜಗತ್ತಿನ ಕಡೆಯ ವಿಳಾಸ ಎಂದು ತೋರಿಸುವಲ್ಲಿ 100.64ರಿಂದ 100.127ರ ನಡುವಿನ ಸಂಖ್ಯೆ ಕಂಡರೆ ಆ ಮನೆಗೆ ನಿಜವಾದ ವಿಳಾಸವೇ ಇಲ್ಲ ಎಂದು ತಿಳಿಯಿರಿ. ವಿಳಾಸದ ಕೊರತೆ ಇದ್ದ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸಲೆಂದು 2012ರಲ್ಲಿ ಎತ್ತಿಟ್ಟ ಸಂಖ್ಯೆಗಳಿವು. ಹಳೇ ಬೆಂಗಳೂರಿನ ವಠಾರದಂತೆ ಎಲ್ಲರಿಗೂ ಒಂದೇ ಡೋರ್ ನಂಬರ್. ಒಳಗಿನವರು ಹೊರಗೆ ಹೋಗಬಹುದು, ವಿಡಿಯೊ ನೋಡಬಹುದು, ದುಡ್ಡು ಕಳಿಸಬಹುದು. ಆದರೆ ಹೊರಗಿನವರು ಇಂಥವರ ಮನೆಗೇ ಎಂದು ಹುಡುಕಿ ಬರಲಾರರು. ಒಳಗಿರುವ ಒಬ್ಬ ದುರುಳ ಸ್ಪ್ಯಾಮ್ ಕಳಿಸಿದರೆ ಉಳಿದವರಿಗೂ ಬಾಗಿಲು ಮುಚ್ಚುತ್ತದೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಅರಿವು ಕೇಂದ್ರಗಳಾದವು, ಕಂಪ್ಯೂಟರ್‌ಗಳೂ ಬಂದವು. ಒಳ್ಳೆಯ ಕೆಲಸ. ಈಗ ಅಂಥ ಒಂದು ಕೇಂದ್ರದಲ್ಲಿ ಊರಿನ ಹಳೆಯ ಪ್ರಸಂಗದ ಹಸ್ತಪ್ರತಿಗಳನ್ನೋ ಅಜ್ಜಿಯರು ಹೇಳಿದ ಹಾಡುಗಳನ್ನೋ ಸ್ಕ್ಯಾನು, ರೆಕಾರ್ಡು ಮಾಡಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದಾರೆ ಎಂದುಕೊಳ್ಳಿ. ಪಕ್ಕದ ತಾಲ್ಲೂಕಿನ ಶಾಲೆಯೊಂದು ಅದನ್ನು ನೋಡಬೇಕಾದರೆ, ಅಷ್ಟನ್ನೂ ಮೊದಲು ಯಾವುದೋ ದೊಡ್ಡ ಕಂಪನಿಯ ಗೋದಾಮಿಗೆ ಏರಿಸಬೇಕು. ಆ ಕಂಪನಿ ನಾಳೆ ನಿಯಮ ಬದಲಿಸಿದರೆ, ಬಾಡಿಗೆ ಏರಿಸಿದರೆ, ಖಾತೆ ಮುಚ್ಚಿದರೆ ಯಾರನ್ನು ಕೇಳುವುದು? ಯಂತ್ರ ನಮ್ಮದು, ಸಂಗ್ರಹ ನಮ್ಮದು, ಆದರೆ ಜಗತ್ತಿಗೆ ತೋರಿಸಲು ನಮ್ಮದೊಂದು ಬಾಗಿಲಿಲ್ಲ.

ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಮೊದಲು ಬಂದವರಿಗೆ ಅದನ್ನು ಮೊಗೆಮೊಗೆದು ಕೊಟ್ಟರು. ಬ್ರಿಟನ್ನಿನ ಕಾರ್ಮಿಕ ಮತ್ತು ಪಿಂಚಣಿ ಇಲಾಖೆಯೊಂದರ ಹೆಸರಿನಲ್ಲೇ 51ರಿಂದ ಶುರುವಾಗುವ 1 ಕೋಟಿ 67 ಲಕ್ಷ ವಿಳಾಸಗಳಿದ್ದವು. ಜಾನ್ ಗ್ರಹಾಂ-ಕಮಿಂಗ್ ಎಂಬ ತಂತ್ರಜ್ಞರು 2012ರಲ್ಲಿ ಅದನ್ನು ಎತ್ತಿ ತೋರಿಸಿದರು; ಅದರಲ್ಲಿ ಒಂದೂ ಇಂಟರ್‌ನೆಟ್‌ನಲ್ಲಿ ಕಾಣುತ್ತಿರಲಿಲ್ಲ. ಆಮೇಲೆ ಅದರಲ್ಲಿ ಒಂದಷ್ಟು ಮಾರಾಟವಾಯಿತು. ನಮ್ಮಲ್ಲೂ ಮೊದಲು ಬಂದವರಿಗೇ ಮೊದಲ ಪಾಲು. ಶಿಕ್ಷಣ, ಸಂಶೋಧನೆಗೆಂದು ಕಟ್ಟಿದ ಜಾಲವಾದ ಎರ್‌ನೆಟ್‌ನ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ಅದು ಸಂತೋಷವೇ. ಆದರೆ ಸಿರಸಿಯ ಕಾಲೇಜು, ಸಿಂಧನೂರಿನ ಸಂಘ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಕಣಜ ಬರಿದಾಗಿತ್ತು. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಐದು ತುಂಡುಗಳನ್ನು ಹಂಚಿ ಮುಗಿಸಿದರು. ಅದೇ ವರ್ಷ ಏಪ್ರಿಲ್ 15ಕ್ಕೆ ನಮ್ಮ ಭಾಗಕ್ಕೆ ವಿಳಾಸ ಹಂಚುವ ಏಪ್ನಿಕ್ ತನ್ನ ಕೊನೆಯ ತುಂಡಿಗೆ ಕೈಹಾಕಿ ರೇಷನ್ ಶುರುಮಾಡಿತು. ಯುರೋಪಿಗೆ ವಿಳಾಸ ಹಂಚುವ ರೈಪ್ ಎನ್‌ಸಿಸಿಯ ದಾಸ್ತಾನು 2019ರ ನವೆಂಬರ್ 25ಕ್ಕೆ ಪೂರ್ತಿ ಖಾಲಿ. ಈಗ ಒಂದೊಂದು ಹಳೆಯ ವಿಳಾಸಕ್ಕೂ ಹತ್ತಾರು ಡಾಲರ್. ಹವ್ಯಾಸಿ ರೇಡಿಯೊದವರಿಗೆಂದು ಮೀಸಲಿದ್ದ ವಿಳಾಸಗಳಲ್ಲಿ ಕಾಲುಭಾಗವನ್ನು 2019ರಲ್ಲಿ ಅಮೆಜಾನ್ ಹತ್ತು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಆ ಸಂತೆಯಲ್ಲಿ ಹಳ್ಳಿಯ ಗ್ರಂಥಾಲಯಕ್ಕೆ ಜಾಗವಿಲ್ಲ. ಅಲ್ಲಿಗೆ ಹೋಗಿ ಎಂದು ನಾನು ಹೇಳುವುದೂ ಇಲ್ಲ.

ನಾನು ಹೇಳುವುದು ಹೊಸ ಪದ್ಧತಿಯಾದ ಐಪಿವಿ6ರ ಬಗ್ಗೆ. ಅಲ್ಲಿ ಕೊರತೆಯ ಮಾತೇ ಇಲ್ಲ. 2016ರಲ್ಲಿ ಜಿಯೊ ಬಂದ ಮೇಲೆ ಭಾರತ ಅದರ ಬಳಕೆಯಲ್ಲಿ ಜಗತ್ತಿನ ಮುಂಚೂಣಿಗೆ ಬಂದಿದೆ. ಆದರೆ ಆ ವಿಳಾಸಗಳು ಟೆಲಿಕಾಂ ಕಂಪನಿಗಳ ಹೆಸರಿನಲ್ಲಿವೆ. ಕಂಪನಿ ಬದಲಿಸಿದ ದಿನ ವಿಳಾಸವೂ ಹೋಯಿತು.

ಪಾರ್ಕ್ ರಾಯಲ್‌ನಲ್ಲಿ ನನ್ನ ಕಣ್ಣೆದುರು ನಡೆಯುವುದೇ ಬೇರೆ. ಇಲ್ಲಿ ರೈಪ್ ಎನ್‌ಸಿಸಿಯ ಸದಸ್ಯರಾಗಲು 2025ರಲ್ಲಿ ವಾರ್ಷಿಕ ಶುಲ್ಕ 1,800 ಯೂರೊ. ದೇಶವಿಡೀ ಹರಡಿದ ಟೆಲಿಕಾಂ ಕಂಪನಿಗೂ ಅಷ್ಟೇ, ಒಬ್ಬನೇ ನಡೆಸುವ ಅಂಗಡಿಗೂ ಅಷ್ಟೇ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಸಣ್ಣವರಿಗೆ ಒಂದು ಪಕ್ಕದ ದಾರಿ ಬಿಟ್ಟಿದ್ದಾರೆ. ಈಗಾಗಲೇ ಸದಸ್ಯನಾಗಿರುವ ಯಾವುದೇ ಸಂಸ್ಥೆ ಪ್ರಾಯೋಜಕನಾಗಿ ನಿಂತು, ಸದಸ್ಯರಲ್ಲದ ಸಂಘಕ್ಕೋ ವ್ಯಕ್ತಿಗೋ ವಿಳಾಸ ಕೊಡಿಸಬಹುದು. ಅರ್ಜಿದಾರ ಗುರುತಿನ ಪತ್ರ ತೋರಿಸಿ ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ಕಾಗದಪತ್ರ, ಶುಲ್ಕ, ಪತ್ರವ್ಯವಹಾರ ಎಲ್ಲ ಪ್ರಾಯೋಜಕನದು. ವರ್ಷಕ್ಕೆ ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಆಮೇಲೆ ನಮ್ಮಂಥವರ ಕೆಲಸ: ಈ ವಿಳಾಸವನ್ನು ಇಂಥ ನೆಟ್‌ವರ್ಕ್ ಸಾರಬಹುದು ಎಂಬ ಸಹಿಯುಳ್ಳ ದಾಖಲೆ ನೋಂದಾಯಿಸಿ, ರೌಟರ್‌ನಲ್ಲಿ ನಾಲ್ಕಾರು ಸಾಲು ಬರೆದರೆ, ಸ್ವಲ್ಪ ಹೊತ್ತಿನಲ್ಲಿ ಆ ಸಂಖ್ಯೆ ಟೋಕಿಯೊದ ರೌಟರ್‌ಗೂ ಗೊತ್ತಾಗುತ್ತದೆ. ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಸರ್ವರ್ ಇಟ್ಟುಕೊಂಡ ಹುಡುಗನೂ ದೊಡ್ಡ ಬ್ಯಾಂಕೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕಾಣಿಸಿಕೊಳ್ಳುತ್ತಾರೆ. ಅದನ್ನು ನೋಡುವಾಗಲೆಲ್ಲ ನನಗೆ ನಮ್ಮೂರಿನ ಹುಡುಗರು ನೆನಪಾಗುತ್ತಾರೆ.

ಭಾರತದಲ್ಲಿ ವಿಳಾಸ ಹಂಚುವುದು ನಿಕ್ಸಿ ಸಂಸ್ಥೆಯ ಅಡಿಯಲ್ಲಿರುವ ಐರಿನ್. ದಾರಿ ಇದೆ, ಆದರೆ ಅದರಲ್ಲಿ ನಡೆಯಲು ನೆಟ್‌ವರ್ಕ್ ಯೋಜನೆ ಬೇಕು, ತಾಂತ್ರಿಕ ಹೊಣೆಗಾರ ಬೇಕು, ವರ್ಷವರ್ಷ ಶುಲ್ಕ ಕಟ್ಟಬೇಕು. ಗ್ರಂಥಾಲಯ ಮೇಲ್ವಿಚಾರಕರು ಇದನ್ನು ಮಾಡಲಾರರು. ಮಾಡಿ ಎನ್ನುವುದೂ ಸರಿಯಲ್ಲ. ರಾಜ್ಯ ಸರ್ಕಾರ ಮಾಡಬಹುದು.

ಲೆಕ್ಕ ಇಷ್ಟೇ. ಒಬ್ಬ ಸದಸ್ಯನಿಗೆ ಸಾಮಾನ್ಯವಾಗಿ ಸಿಗುವ ಐಪಿವಿ6 ತುಂಡನ್ನು ಜಗತ್ತಿನ ರೌಟರ್‌ಗಳು ಒಪ್ಪುವ ಅತಿ ಸಣ್ಣ ಭಾಗಗಳಾಗಿ ಕತ್ತರಿಸಿದರೆ 65,536 ಭಾಗಗಳಾಗುತ್ತವೆ. ಕರ್ನಾಟಕದಲ್ಲಿರುವುದು ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿ. ಒಂದೊಂದಕ್ಕೂ ಒಂದೊಂದು ಭಾಗ ಕೊಟ್ಟರೂ ಹತ್ತರಲ್ಲಿ ಒಂದು ಪಾಲು ಖರ್ಚಾಗುವುದಿಲ್ಲ. ಪಂಚಾಯಿತಿಗೆ ಬಂದ ಆ ಒಂದು ಭಾಗದೊಳಗೆ ಮತ್ತೆ 65,536 ಪ್ರತ್ಯೇಕ ಜಾಲಗಳನ್ನು ಕಟ್ಟಬಹುದು: ಶಾಲೆಗೊಂದು, ಹಾಲಿನ ಡೇರಿಗೊಂದು, ಆಸ್ಪತ್ರೆಗೊಂದು. ಊರಿಗೆ ಕೇಬಲ್ ಎಳೆದವನೇ ಆ ವಿಳಾಸವನ್ನು ಸಾರಲಿ. ಅವನನ್ನು ಬಿಟ್ಟು ಇನ್ನೊಬ್ಬನ ಬಳಿ ಹೋದರೂ ವಿಳಾಸ ಪಂಚಾಯಿತಿಯಲ್ಲೇ ಉಳಿಯುತ್ತದೆ.

ನಿಮ್ಮ ಅಧಿಕಾರಿಗಳು ಸುರಕ್ಷತೆಯ ಪ್ರಶ್ನೆ ಎತ್ತುತ್ತಾರೆ, ಎತ್ತಲೇಬೇಕು. ವಿಳಾಸ ಇದ್ದ ಮಾತ್ರಕ್ಕೆ ಬಾಗಿಲು ತೆರೆದಿರಬೇಕಾಗಿಲ್ಲ. ರೌಟರ್‌ನ ಫೈರ್‌ವಾಲ್ ಎಲ್ಲವನ್ನೂ ಮುಚ್ಚಿಟ್ಟು, ಬೇಕಾದ ಒಂದೇ ಸೇವೆಯನ್ನು ತೆರೆಯಬಹುದು. ಅದಕ್ಕೆ ಜಿಲ್ಲೆಗೆ ಇಬ್ಬರಾದರೂ ತರಬೇತಾದವರು ಬೇಕು. ಬೆಂಗಳೂರನ್ನು ಹೊಂದಿರುವ ರಾಜ್ಯಕ್ಕೆ ಇದು ಕಷ್ಟವೆಂದು ನಾನು ನಂಬಲಾರೆ.

ನನ್ನ ಅಳುಕು ಬೇರೆ ಕಡೆಗಿದೆ. ವಿಳಾಸ ಕೊಡುವ ಕೈಗೆ ಕಿತ್ತುಕೊಳ್ಳುವ ಶಕ್ತಿಯೂ ಇರುತ್ತದೆ. ಸರ್ಕಾರ ಬದಲಾದಾಗ, ಊರಿನ ಪತ್ರಿಕೆಯೊಂದು ಶಾಸಕರಿಗೆ ಇಷ್ಟವಾಗದ ಸುದ್ದಿ ಬರೆದಾಗ, ಒಂದು ಫೋನ್ ಕರೆಗೆ ಅದರ ವಿಳಾಸ ರದ್ದಾಗಬಾರದು. ಆದ್ದರಿಂದ ಈ ಕೆಲಸವನ್ನು ಸಚಿವಾಲಯದ ಮೇಜಿನ ಮೇಲೆ ಇಟ್ಟುಕೊಳ್ಳಬೇಡಿ. ಗ್ರಂಥಪಾಲಕರು, ಇಂಜಿನಿಯರಿಂಗ್ ಕಾಲೇಜಿನವರು, ಪಂಚಾಯಿತಿ ಪ್ರತಿನಿಧಿಗಳು ಇರುವ ಪ್ರತ್ಯೇಕ ಮಂಡಳಿಗೆ ಒಪ್ಪಿಸಿ. ಕೋರ್ಟಿನ ಆದೇಶವಿಲ್ಲದೆ ಯಾರ ವಿಳಾಸವನ್ನೂ ಹಿಂತೆಗೆದುಕೊಳ್ಳುವಂತಿಲ್ಲ ಎಂದು ಮೊದಲ ನಿಯಮದಲ್ಲೇ ಬರೆಯಿಸಿ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿಯದೇ ಒಂದು ಉದಾಹರಣೆ ಕೊಡುತ್ತೇನೆ. ಪಾರ್ಕ್ ರಾಯಲ್ ಹರಡಿಕೊಂಡಿರುವ ಈಲಿಂಗ್ ಸೇರಿದಂತೆ ಪಶ್ಚಿಮ ಲಂಡನ್ನಿನ ಮೂರು ಆಡಳಿತ ಪ್ರದೇಶಗಳಲ್ಲಿ ಹೊಸ ಮನೆ ಕಟ್ಟುವವರಿಗೆ ವಿದ್ಯುತ್ ಸಂಪರ್ಕಕ್ಕಾಗಿ 2035ರವರೆಗೂ ಕಾಯಬೇಕಾಗಬಹುದು ಎಂಬ ಎಚ್ಚರಿಕೆ 2022ರಲ್ಲಿ ಬಂತು. ಗ್ರಿಡ್ಡಿನಲ್ಲಿ ಉಳಿದಿದ್ದ ಸಾಮರ್ಥ್ಯವನ್ನು ಡೇಟಾ ಸೆಂಟರ್‌ಗಳು ಮೊದಲೇ ಕೇಳಿ ಬರೆಸಿಕೊಂಡಿದ್ದವು. ಅವು ನಿಯಮ ಮುರಿದಿರಲಿಲ್ಲ. ಸಣ್ಣವರ ಪರವಾಗಿ ಸಾಲಿನಲ್ಲಿ ನಿಲ್ಲುವವರು ಯಾರೂ ಇರಲಿಲ್ಲ, ಅಷ್ಟೇ.

ಮೊದಲ ಹೆಜ್ಜೆಗೆ ಬಜೆಟ್ ಭಾಷಣ ಬೇಕಿಲ್ಲ. ರಾಜ್ಯದ ಹೆಸರಿನಲ್ಲಿ ಐರಿನ್‌ಗೆ ಒಂದು ಅರ್ಜಿ ಹೋಗಲಿ, ನಿಕ್ಸಿಯ ಜೊತೆ ಪ್ರಾಯೋಜಕತ್ವದ ಮಾತುಕತೆ ಶುರುವಾಗಲಿ, ಒಂದು ತಾಲ್ಲೂಕಿನ ಅರಿವು ಕೇಂದ್ರಗಳನ್ನು ಆರಿಸಿ ವಿಳಾಸ ಕೊಟ್ಟು ನೋಡಿ. ಸಾಗರವನ್ನೇ ಆರಿಸಿದರೆ ರೌಟರ್ ಹೊಂದಿಸುವ ಕೆಲಸಕ್ಕೆ ರಜೆ ಹಾಕಿ ನಾನೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಾರ್ಕ್ ರಾಯಲ್‌ನ ಒಬ್ಬ ಕನ್ನಡಿಗ