ನೆಟಿಗೆಯ ಸದ್ದೂ ಕೀಲಿನ ಭಯವೂ

ಮೊಮ್ಮಗುವಿನ ಮುಖವನ್ನು ಎರಡು ಕೈಗಳಿಂದಲೂ ನೇವರಿಸಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ, ಅಜ್ಜಿಯರು ನೆಟಿಗೆ ಮುರಿದು ದೃಷ್ಟಿ ತೆಗೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಮಗು ತಾನೇ ನೆಟಿಗೆ ಮುರಿದುಕೊಂಡರೆ ಮಾತ್ರ, “ಕೀಲು ಸವೆದು ಸಂಧಿವಾತ ಬಂದೀತು!” ಎಂಬ ಗದರಿಕೆ. ಈ ಗದರಿಕೆಗೆ ಆಧಾರವುಂಟೆ?

ಬೆರಳಿನ ಕೀಲು ಒಂದು ಮುಚ್ಚಿದ ಚೀಲದಂತೆ. ಅದರೊಳಗಿನ ಜಾರುರಸದಲ್ಲಿ ಅನಿಲಗಳು ಕರಗಿರುತ್ತವೆ. ಬೆರಳನ್ನು ಎಳೆದಾಗ ಒಳಗಿನ ಅವಕಾಶ ಹಿಗ್ಗಿ ಒತ್ತಡ ತಗ್ಗುತ್ತದೆ. ಸೋಡಾ ಬುಡ್ಡಿಯನ್ನು ತೆರೆದಾಗಿನಂತೆ ಅನಿಲವು ಗುಳ್ಳೆಯಾಗಿ ಹೊರಬೀಳುತ್ತದೆ. ಗುಳ್ಳೆ ಮೂಡುವಾಗ ಸದ್ದಾಗುವುದೆಂದು 1947ರಲ್ಲಿಯೂ, ಕುಸಿಯುವಾಗ ಆಗುವುದೆಂದು 1971ರಲ್ಲಿಯೂ ಇಂಗ್ಲೆಂಡಿನ ಸಂಶೋಧಕರು ವಾದಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಇದು ಎಲುಬಿಗೆ ಎಲುಬು ಉಜ್ಜುವ ಸದ್ದಲ್ಲವೆಂಬುದು ನಿಶ್ಚಿತ. ಅನಿಲವು ಮತ್ತೆ ರಸದಲ್ಲಿ ಕರಗಲು ಸುಮಾರು 20 ನಿಮಿಷ ಬೇಕು. ಒಮ್ಮೆ ಸಿಡಿದ ಬೆರಳು ಒಡನೆಯೇ ಮತ್ತೆ ಸಿಡಿಯದಿರುವುದು ಇದರಿಂದಲೇ.

ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಅವರೂ ಬಾಲ್ಯದಲ್ಲಿ ತಾಯಿಯಿಂದ ಇಂಥದೇ ಗದರಿಕೆಯನ್ನು ಕೇಳಿದವರು. ಅವರು 50 ವರ್ಷಗಳ ಕಾಲ ದಿನಕ್ಕೆ ಎರಡು ಸಲವಾದರೂ ಎಡಗೈಯ ನೆಟಿಗೆಯನ್ನು ಮಾತ್ರ ಮುರಿದು, ಬಲಗೈಯನ್ನು ಹೋಲಿಕೆಗೆಂದು ಬಿಟ್ಟರು. ಎರಡರಲ್ಲಿಯೂ ಸಂಧಿವಾತವಿಲ್ಲವೆಂದು 1998ರಲ್ಲಿ ಪ್ರಕಟಿಸಿದರು. ಒಬ್ಬನ ಕೈ ಲೋಕಕ್ಕೆಲ್ಲ ಪ್ರಮಾಣವಾಗದು, ನಿಜ. ಆದರೆ 2011ರಲ್ಲಿ 215 ಜನರ ಕೈಗಳ ಕ್ಷಕಿರಣ ಚಿತ್ರಗಳನ್ನು ಪರಿಶೀಲಿಸಿದಾಗ, ಕೈಕೀಲುಗಳ ಸವೆತವು ನೆಟಿಗೆ ಮುರಿಯುವವರಲ್ಲಿ ನೂರಕ್ಕೆ 18.1, ಮುರಿಯದವರಲ್ಲಿ 21.5 ಎಂದು ಕಂಡುಬಂದಿತು. 1990ರಲ್ಲಿ 300 ಜನರ ಪರೀಕ್ಷೆಯೊಂದು, ಈ ಅಭ್ಯಾಸವುಳ್ಳವರಲ್ಲಿ ಕೈಯೂತವೂ ಹಿಡಿತದ ದೌರ್ಬಲ್ಯವೂ ಹೆಚ್ಚೆಂದು ಹೇಳಿತ್ತು. ಸಂಧಿವಾತ ಹೆಚ್ಚೆಂದು ಅದೂ ಹೇಳಲಿಲ್ಲ.

ನೆಟಿಗೆ ಮುರಿಯಿರೆಂದು ನಾವು ಉಪದೇಶಿಸುತ್ತಿಲ್ಲ. ನೋವು, ಊತಗಳಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಸಭೆಯಲ್ಲಿ ಪಟಪಟನೆ ಬೆರಳು ಸಿಡಿಸುವುದು ಅಸಭ್ಯವೆನಿಸಿದರೆ ಹಾಗೆಂದೇ ಮಕ್ಕಳಿಗೆ ಹೇಳೋಣ. ಇಲ್ಲದ ರೋಗದ ಹೆಸರು ಹೇಳುವುದು ಬೇಡ. ಸುಳ್ಳು ಭಯವನ್ನು ಒಮ್ಮೆ ಕಂಡುಕೊಂಡ ಮಗು ನಾಳೆ ನಮ್ಮ ನಿಜವಾದ ಎಚ್ಚರಿಕೆಯನ್ನೂ ನಂಬದು.

ಅಂಥ ನಿಜವಾದ ಎಚ್ಚರಿಕೆಗೆ ಅವಕಾಶವಿಲ್ಲದೆಯೂ ಇಲ್ಲ. ಕ್ಷೌರದಂಗಡಿಗಳಲ್ಲಿ ತಲೆಯನ್ನು ಹಿಡಿದು, ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ಲಟಕ್ಕೆನಿಸುವ ರೂಢಿ ಇಂದಿಗೂ ಇದೆ. ಮಿದುಳಿಗೆ ರಕ್ತವೊಯ್ಯುವ ಎರಡು ಧಮನಿಗಳು ಕುತ್ತಿಗೆಯ ಎಲುಬುಗಳ ರಂಧ್ರಗಳಲ್ಲಿಯೇ ಹಾದುಹೋಗುತ್ತವೆ. ಇಂಥ ತಿರುಚಿನಿಂದ ಅವುಗಳ ಒಳಪದರ ಹರಿದು ಲಕ್ವ ಹೊಡೆದ ಪ್ರಸಂಗಗಳು, ವಿರಳವಾದರೂ, ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಮಗುವಿನ ಬೆರಳಿನ ಸದ್ದಿಗೆ ಬೆಚ್ಚುವ ಹಿರಿಯರು ತಮ್ಮ ಕುತ್ತಿಗೆಯನ್ನು ನಿಶ್ಚಿಂತೆಯಿಂದ ಪರರ ಕೈಗೊಪ್ಪಿಸುವುದು ನಮಗೆ ಸೋಜಿಗವೆನಿಸುತ್ತದೆ. ವಾಚಕರು ಮುಂದಿನ ಸಲ ಕ್ಷೌರಕ್ಕೆ ಕುಳಿತಾಗ, “ಕುತ್ತಿಗೆ ಮುಟ್ಟಬೇಡಪ್ಪ” ಎಂದು ಮೊದಲೇ ಹೇಳಿಬಿಡಲಿ.