ಹಾಸಿಗೆ ಒದ್ದೆ ಮಾಡುವುದು ಮಗುವಿನ ಹಠವೇ?

ಮಳೆಗಾಲ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತಾಯಂದಿರಿಗೆ ಒಂದು ಚಿಂತೆ ಹೆಚ್ಚು. ಬೇಸಿಗೆಯಲ್ಲಿ ಬೆವರಾಗಿ ಹೋಗುವ ನೀರು ಈಗ ಮೂತ್ರವಾಗಿ ಹೋಗುತ್ತದೆ; ಮಗು ಒದ್ದೆ ಮಾಡಿದ ಹಾಸಿಗೆ ಒಣಗುವುದೂ ಇಲ್ಲ. ಸಿಟ್ಟೆಲ್ಲ ಮಗುವಿನ ಮೇಲೆ. "ಶಾಲೆಗೆ ಹೋಗುವವನಿಗೆ ನಾಚಿಕೆ ಬೇಡವೇ?" ಎಂಬ ಬೈಗುಳದಿಂದ ಬರೆ ಹಾಕುವ ಬೆದರಿಕೆಯವರೆಗೂ ಹೋಗುವವರಿದ್ದಾರೆ. ಆದರೆ ಮೂತ್ರದ ಮೇಲಿನ ಹಿಡಿತ ಹಲ್ಲು ಹುಟ್ಟಿದ ಹಾಗೆ. ಬೈದರೆ ಬೇಗ ಬರುವುದಿಲ್ಲ.

ಮೂತ್ರಕೋಶವು ಬಲೂನಿನಂತೆ ಹಿಗ್ಗುವ ಸ್ನಾಯುವಿನ ಚೀಲ. ಅದರ ಬಾಯಿಯನ್ನು ಎರಡು ಸ್ನಾಯುಗಳು ಬಿಗಿಹಿಡಿದಿರುತ್ತವೆ. ಒಳಗಿನದು ಅನೈಚ್ಛಿಕ, ಹೊರಗಿನದು ಐಚ್ಛಿಕ. ಹಸುಗೂಸಿನಲ್ಲಿ ಚೀಲ ತುಂಬಿದೊಡನೆ ನರಗಳು ಬೆನ್ನುಹುರಿಯ ಕೆಳಭಾಗಕ್ಕೆ ಸುದ್ದಿ ಮುಟ್ಟಿಸುತ್ತವೆ. ಚೀಲ ಕುಗ್ಗಿ, ಬಾಯಿ ಸಡಿಲವಾಗುತ್ತದೆ. ಬಿಸಿ ತಾಗಿದ ಕೈ ಹಿಂದೆ ಸರಿಯುವಂತೆ ಇದೂ ಒಂದು ಪರಾವರ್ತಿತ ಪ್ರತಿಕ್ರಿಯೆ. ದಿನಕ್ಕೆ 20 ಬಾರಿಯಾದರೂ ಸಹಜವೇ.

ಒಂದೂವರೆ-ಎರಡು ವರ್ಷದ ಹೊತ್ತಿಗೆ 'ತುಂಬಿದೆ' ಎಂಬ ಸುದ್ದಿ ಮಿದುಳಿನ ಮುಂಭಾಗಕ್ಕೆ ತಿಳಿಯತೊಡಗುತ್ತದೆ. ಮಗು ಆಟ ನಿಲ್ಲಿಸಿ ಕಾಲು ಜೋಡಿಸಿ ನಿಲ್ಲುತ್ತದೆ. 'ಈಗ ಬೇಡ' ಎಂದು ತಡೆಯುವ ಶಕ್ತಿ ಬರುವುದು ಆಮೇಲೆ. ಚೀಲವೂ ದೊಡ್ಡದಾಗಬೇಕು. ವಿದ್ಯಾರ್ಥಿಗಳೇ, ಮಗುವಿನ ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿ. ಚೀಲದ ಸಾಮರ್ಥ್ಯ ಸುಮಾರಾಗಿ ಮಿಲಿಲೀಟರ್‌ಗಳಲ್ಲಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 150 ಮಿ.ಲೀ., ಅಂದರೆ ಒಂದು ಸಣ್ಣ ಲೋಟದಷ್ಟು. ಈ ವಯಸ್ಸಿಗೆ ಹೆಚ್ಚಿನ ಮಕ್ಕಳಿಗೆ ಹಗಲಿನ ಹಿಡಿತ ಬಂದಿರುತ್ತದೆ.

ಅಜ್ಜಿಯಂದಿರು ಮಗುವನ್ನು ಪಾದಗಳ ಮೇಲೆ ಕೂರಿಸಿ 'ಸ್ಸ್ಸ್' ಎನ್ನುತ್ತಾರಷ್ಟೆ. ಸದ್ದಿಗೂ ಮೂತ್ರಕ್ಕೂ ನಂಟು ಬೆಳೆಯುತ್ತದೆ. ರಷ್ಯದ ವಿಜ್ಞಾನಿ ಪಾವ್ಲೋವ್ ತಮ್ಮ ನಾಯಿಗಳಲ್ಲಿ ತೋರಿಸಿದ್ದೂ ಇಂಥ ಕಲಿಕೆಯನ್ನೇ. ಆದರೆ ಈ ಸದ್ದು ಕಲಿಸುವುದು ಬಿಡುವುದನ್ನು, ತಡೆಯುವುದನ್ನಲ್ಲ. ತಡೆಯಲು ನರಗಳು ಬಲಿಯಲೇಬೇಕು.

ರಾತ್ರಿಯ ಹಿಡಿತ ಇನ್ನೂ ತಡ. ನಿದ್ದೆಯಲ್ಲಿ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ ಬಂದು ಮೂತ್ರದ ಪ್ರಮಾಣ ತಗ್ಗಿಸುತ್ತದೆ. ಕೆಲವು ಮಕ್ಕಳಲ್ಲಿ ಇದು ಸಾಲದು. ಕೆಲವರಿಗೆ ಚೀಲ ತುಂಬಿದರೂ ಎಚ್ಚರವಾಗದು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಂದಿ ಹಾಸಿಗೆ ಒದ್ದೆ ಮಾಡುತ್ತಾರೆ. ಇದು ವಂಶದಲ್ಲಿ ಬರುವುದೂ ಉಂಟು. ಮಗನನ್ನು ಗದರಿಸುವ ಮೊದಲು ಅಪ್ಪ ತನ್ನ ತಾಯಿಯನ್ನೊಮ್ಮೆ ಕೇಳಿ ನೋಡುವುದು ಒಳ್ಳೆಯದು!

ಹಾಗಾದರೆ ಮಾಡಬೇಕಾದ್ದೇನು? ಹಗಲಿನಲ್ಲಿ ಧಾರಾಳ ನೀರು ಕೊಡಿ. ರಾತ್ರಿ ಚಹಾ ಬೇಡ. ಮಲಗುವ ಮೊದಲು ಒಂದಕ್ಕೆ ಹೋಗುವ ಅಭ್ಯಾಸ ಮಾಡಿಸಿ. ಶೌಚಾಲಯ ಅಂಗಳದಾಚೆ ಇದ್ದರೆ ಕತ್ತಲು, ಮಳೆ ಎಂದರೆ ಮಗುವಿಗೆ ಹೆದರಿಕೆ. ಜೊತೆಗೆ ಹೋಗಿ. ಮಲಬದ್ಧತೆಯಿದ್ದರೆ ಸರಿಪಡಿಸಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಉರಿಮೂತ್ರ ಅಥವಾ ಜ್ವರ ಕಂಡರೆ, ಆರು ತಿಂಗಳು ಸರಿಯಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ವೈದ್ಯರಿಗೆ ತೋರಿಸಿ. ಅತಿಯಾದ ಬಾಯಾರಿಕೆಯ ಜೊತೆ ತೂಕ ಇಳಿದರೆ ತಡಮಾಡಲೇಬೇಡಿ, ಅದು ಮಧುಮೇಹವಿರಬಹುದು.

ಮೂಡುಬಿದಿರೆಯಂಥ ಊರಿನ ಹಾಸ್ಟೆಲಿಗೆ ಮಗುವನ್ನು ಸೇರಿಸುವವರಿಗೆ ಒಂದು ಮಾತು. ಹತ್ತು-ಹನ್ನೊಂದು ವರ್ಷಕ್ಕೂ ಈ ತೊಂದರೆ ಉಳಿದಿದ್ದರೆ ಮೊದಲೇ ವೈದ್ಯರನ್ನು ಕಾಣಿ, ಇದಕ್ಕೆ ಚಿಕಿತ್ಸೆಯಿದೆ. ವಾರ್ಡನ್ನರಿಗೂ ಗುಟ್ಟಾಗಿ ತಿಳಿಸಿ. ಒದ್ದೆ ಚಾದರವನ್ನು ಒಬ್ಬನೇ ಬಚ್ಚಿಡುವ ಮಗುವಿನ ಮನಸ್ಸು ಪಾಠಕ್ಕೆ ಎಲ್ಲಿ ಹತ್ತೀತು?